ಸ್ಟಾರ್ಟರಿಗೆ ನೇತುಹಾಕಿದ ಚಪ್ಪಲಿ

ಏನು ಕೆಲಸದಲ್ಲಿದ್ದಿರಿ ಎಂದು ಯಾರಾದರೂ ಕೇಳಿದರೆ ‘ಧೂಳು ಹಿಡಿಯುವ ಕೆಲಸ’ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಮ್ಮ ಹೆಮ್ಮಿಗೆಯಲ್ಲಂತೂ, ನಂಜನಗೂಡಿಗೆ ಹೋಗಿ ಮೂವತ್ತಮೂರು ವರ್ಷ ಧೂಳು ಹಿಡಿದುಕೊಂಡು ಬಂದ ಸಿದ್ದರಾಜು ಎಂದು ಗೇಲಿ ಮಾಡುವವರು ಈಗಲೂ ಇದ್ದಾರೆ. ಮಾಡಲಿ. ನಾನು ಹಿಡಿದದ್ದು ಧೂಳನ್ನೇ. ಹೋದ ವರ್ಷ ನಿವೃತ್ತನಾದೆ. ಈಗ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾ ನಿಂತರೆ ನನ್ನ ಕಿವಿ ಒಂದು ಸದ್ದಿಗೆ ಕಾಯುತ್ತದೆ. ಹತ್ತು ಸೆಕೆಂಡಿಗೊಂದು ಸಲ ‘ಠಪ್’ ಎನ್ನುವ ಸದ್ದು. ಊರಿನ ಕೋಳಿ ಕೂಗುತ್ತದೆ, ಹಾಲಿನ ಡೈರಿಯಲ್ಲಿ ಕ್ಯಾನುಗಳ ಸದ್ದು ಕೇಳುತ್ತದೆ, ಅದೊಂದು ಮಾತ್ರ ಕೇಳುವುದಿಲ್ಲ. ಆ ದರಿದ್ರ ಸದ್ದಿಗೆ ನನ್ನ ಮನಸ್ಸು ಹಂಬಲಿಸುತ್ತದೆ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂಬುದು ನಿಮಗೆ ಬೇಡ, ನನಗೂ ನೆನಪಿಲ್ಲ. ನಾನು ಬರೆಯಬೇಕಾದದ್ದು ಒಂದು ತಪ್ಪಿನ ವಿಷಯ. ಒಬ್ಬ ಒಳ್ಳೆಯ ಕೆಲಸಗಾರನ ಹೆಸರಿಗೆ ನನ್ನಿಂದ ಮಸಿ ಹತ್ತಿತು. ಅದನ್ನು ಒರೆಸದೆ ನನಗೆ ಸಮಾಧಾನವಿಲ್ಲ. ಆದರೆ ತಪ್ಪು ತಿಳಿಯಬೇಕಾದರೆ ಮೊದಲು ಯಂತ್ರ ತಿಳಿಯಬೇಕು.

ನಮ್ಮದು ಬಿಳಿಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯುವ ಕಾರ್ಖಾನೆ. ಅರೆಯುವಾಗ ಏಳುವ ಧೂಳನ್ನು ದೊಡ್ಡ ಫ್ಯಾನು ಎಳೆದು, ಎರಡು ಅಂತಸ್ತಿನ ಎತ್ತರದ ಒಂದು ಕಬ್ಬಿಣದ ಕೋಣೆಗೆ ತಳ್ಳುತ್ತದೆ. ಅದೇ ಡಸ್ಟ್ ಕಲೆಕ್ಟರ್. ಅದರೊಳಗೆ ಸಾಲು ಸಾಲಾಗಿ ಉದ್ದನೆಯ ಬಟ್ಟೆಯ ಚೀಲಗಳು ನೇತಾಡುತ್ತಿರುತ್ತವೆ, ಪ್ಯಾಂಟಿನ ಒಂದೊಂದೇ ಕಾಲನ್ನು ಹೊಲಿದು ತೂಗುಹಾಕಿದ ಹಾಗೆ. ಚೀಲ ಮುದುಡದಂತೆ ಒಳಗೆ ತಂತಿಯ ಪಂಜರ. ಧೂಳು ಚೀಲದ ಹೊರಮೈಗೆ ಅಂಟಿಕೊಳ್ಳುತ್ತದೆ, ಶುದ್ಧ ಗಾಳಿ ಒಳಗೆ ನುಸುಳಿ ಮೇಲೆ ಹೋಗಿ ಚಿಮಣಿ ಸೇರುತ್ತದೆ. ಸ್ವಲ್ಪ ಹೊತ್ತಿಗೊಮ್ಮೆ ಒತ್ತಡದ ಗಾಳಿ ಮೇಲಿನಿಂದ ಠಪ್ಪೆಂದು ಹೊಡೆದಾಗ ಚೀಲ ಮೈ ಕೊಡವುತ್ತದೆ. ಧೂಳು ಕೆಳಗಿನ ಆಲಿಕೆಯಂಥ ಹಾಪರಿಗೆ ಬೀಳುತ್ತದೆ. ಹಾಪರಿನ ಬಾಯಲ್ಲಿ ರೆಕ್ಕೆಗಳಿರುವ ಒಂದು ಕವಾಟ ಮೆಲ್ಲಗೆ ತಿರುಗುತ್ತಾ ಧೂಳನ್ನು ಆಚೆ ಹಾಕುತ್ತದೆ. ಮೆಲ್ಲಗೆ ತಿರುಗುತ್ತದೆ ಎಂದು ಅದನ್ನು ಸಾಧು ಅಂದುಕೊಳ್ಳಬೇಡಿ.

ಈ ಕೆಲಸ ನನಗೆ ಕಲಿಸಿದವರು ಮಹದೇವಪ್ಪ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಸೋಮನಾಥಪುರದ ಕಡೆಯವರು, ಕಾಯಂ ಫಿಟ್ಟರ್. ನಾನು ಮದುವೆಯಾಗಿ ಒಂದು ಮಗುವಿದ್ದ ಗುತ್ತಿಗೆ ಆಳು. ಇಬ್ಬರೂ ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಸೇರಿ, ನಂಜನಗೂಡಿನ ಬಸ್ಸಿಗೆ ಒಟ್ಟಿಗೆ ಹತ್ತುತ್ತಿದ್ದೆವು. ಅವರ ಬಸ್ಸು ಮೊದಲು ಬಂದರೆ ಪಕ್ಕದ ಸೀಟಿಗೆ ಟವೆಲ್ ಹಾಕಿ ನನಗೆ ಜಾಗ ಹಿಡಿದಿರುತ್ತಿದ್ದರು. ಲಿಂಗಾಯತರು, ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡೇ ಮನೆ ಬಿಡುವವರು. ಸಂಜೆ ಷಿಫ್ಟು ಮುಗಿದಾಗ ಕಲ್ಲಿನ ಹಿಟ್ಟು ಬಡಿದು ನಮ್ಮೆಲ್ಲರ ಮೈಯೂ ವಿಭೂತಿ ಬಳಿದಂತಿರುತ್ತಿತ್ತು. “ಈಗ ನೋಡ್ಲಾ, ಎಲ್ರೂ ನಮ್ ಮಠದೋರೇ!” ಎಂದು ನಗುತ್ತಿದ್ದರು. ನಮ್ಮದು ಬುದ್ಧನ ಪಟ ಇಟ್ಟುಕೊಂಡ ಮನೆ. ನಾನೂ ನಗುತ್ತಿದ್ದೆ.

ಮೊದಲ ದಿನ ಕಬ್ಬಿಣದ ಏಣಿಯ ಬುಡದಲ್ಲಿ ಚಪ್ಪಲಿ ಬಿಡು ಎಂದರು. ಬಿಟ್ಟೆ. ಅವರು ಬಗ್ಗಿ ನನ್ನ ಚಪ್ಪಲಿಗಳನ್ನು ಕೈಗೆತ್ತಿಕೊಂಡರು. ನಮ್ಮಪ್ಪ ಮೇಲಿನ ಬೀದಿಯಲ್ಲಿ ಹೋಗುವಾಗ ತನ್ನ ಚಪ್ಪಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು.

“ಅಯ್ಯೋ ಬುದ್ದೀ, ಬ್ಯಾಡಿ, ನೀವು ಮುಟ್ಬ್ಯಾಡಿ,” ಎಂದು ಕಿತ್ತುಕೊಳ್ಳಲು ಹೋದೆ.

“ಬುದ್ದಿ ಗಿದ್ದಿ ಎಲ್ಲಾ ನಿಮ್ಮೂರಲ್ಲೇ ಬುಟ್ಟು ಬಾ. ಇಲ್ಲಿ ಅಣ್ಣ ಅನ್ನು,” ಎಂದರು. “ವಳಿಕೆ ಓಗೋನ ಚಪ್ಲಿ ಒರಗಿರೋನ ಕೈಲಿರ್ಬೇಕು. ಇದು ನಮ್ ನೇಮ ಕಣ್ಲಾ.”

ಅವನ್ನು ಒಂದು ತಂತಿಗೆ ಪೋಣಿಸಿ, ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಹಿಡಿಗೆ ನೇತುಹಾಕಿದರು. ಚಪ್ಪಲಿ ನೇತಾಡುತ್ತಿದ್ದರೆ ಒಳಗೆ ಮನುಷ್ಯ ಇದ್ದಾನೆ ಎಂದರ್ಥ. ಆಗ ಬೀಗವಿಲ್ಲ, ಕೆಂಪು ಚೀಟಿ ಇಲ್ಲ. ಕೆಂಪು ಬಟ್ಟೆ ಕಟ್ಟಿದರೆ ಯಾರಾದರೂ ಬಿಚ್ಚಿ ಕೈ ಒರೆಸಿಕೊಳ್ಳುತ್ತಾರೆ, ಇನ್ನೊಬ್ಬನ ಚಪ್ಪಲಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ ಎಂಬುದು ಅವರ ಲೆಕ್ಕ. ಒಳಗಿದ್ದವನು ಆಚೆ ಬಂದು ತಾನೇ ಇಳಿಸಿ ಮೆಟ್ಟಿಕೊಳ್ಳಬೇಕು. ಅಲ್ಲಿಯವರೆಗೆ ಹೊರಗಿನವನು ಜಾಗ ಬಿಟ್ಟು ಕದಲುವಂತಿಲ್ಲ. ಚಪ್ಪಲಿ ನೇತುಹಾಕಿ ಅವರು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: “ನಿಧಾನ್ಕೆ ಮಾಡ್ಲಾ, ನಾನಿಲ್ಲೇ ಇವ್ನಿ.”

ಬರಿಗಾಲಲ್ಲಿ ಹೋಗುವುದಕ್ಕೆ ಇನ್ನೊಂದು ಕಾರಣವಿತ್ತು. ಚೀಲಗಳು ನೇತಾಡುವ ತೂತಿನ ತಗಡಿನ ಮೇಲೆ ನಡೆಯುವಾಗ ಕಾಲೇ ನಮ್ಮ ಕಣ್ಣು. ಅದು ಶುದ್ಧ ಗಾಳಿಯ ಕಡೆ, ಅಲ್ಲಿ ಧೂಳು ಇರಬಾರದು. ಅಂಗಾಲಿಗೆ ಎಲ್ಲಿ ಹಿಟ್ಟಿನ ನುಣುಪು ತಾಗುತ್ತದೋ ಅಲ್ಲೊಂದು ಚೀಲ ಹರಿದಿದೆ ಎಂದು ತಿಳಿಯಬೇಕು. ಮಹದೇವಪ್ಪ ಕಣ್ಣು ಮುಚ್ಚಿಕೊಂಡು ನಡೆದು, ನಿಂತು, “ಇದು, ಅದರ ಪಕ್ಕದ್ದು” ಎನ್ನುತ್ತಿದ್ದರು. ತಪ್ಪಿದ್ದೇ ಇಲ್ಲ. ಆಮೇಲೆ ಹೊಳೆಯುವ ಬಣ್ಣದ ಪುಡಿ ಬಂತು, ಅದನ್ನು ಗಾಳಿಯಲ್ಲಿ ಬಿಟ್ಟು ನೀಲಿ ದೀಪ ಹಿಡಿದು ಹುಡುಕುವುದು. ಒಳ್ಳೆಯದೇ. ಆದರೆ ದೀಪದ ಬ್ಯಾಟರಿ ಮುಗಿದ ದಿನ ಹೊಸ ಎಂಜಿನಿಯರು ನನ್ನ ಕಾಲು ಹುಡುಕಿಕೊಂಡು ಬರುತ್ತಿದ್ದರು.

ಚೀಲ ಒಗೆದ ಕಥೆಯನ್ನೂ ಹೇಳಬೇಕು. ಒಬ್ಬ ಮ್ಯಾನೇಜರು ಬಂದರು, ಬಹಳ ಶುಚಿ. ಚೀಲಗಳೆಲ್ಲ ಗಲೀಜಾಗಿವೆ, ಬಿಚ್ಚಿ ಒಗೆದು ಹಾಕಿ ಎಂದು ಹಟ ಹಿಡಿದರು. ಮಹದೇವಪ್ಪ ಬೇಡವೆಂದು ಹೇಳಿ ನೋಡಿದರು. ದೊಡ್ಡವರ ಮಾತಿಗೆ ಎದುರುಂಟೇ? ಗಾಡಿಗೆ ತುಂಬಿಕೊಂಡು ಹೋಗಿ ಕಪಿಲೆಯಲ್ಲಿ ಸೋಪು ಹಾಕಿ ಒಗೆದೆವು. ಹೊಳೆಯ ನೀರು ಹಾಲಿನಂತಾಯಿತು. ಇವತ್ತು ನೆನೆದರೆ ನಾಚಿಕೆಯಾಗುತ್ತದೆ, ಆವತ್ತು ನಮಗೆ ಅಷ್ಟು ಬುದ್ಧಿ ಇರಲಿಲ್ಲ. ಒಣಗಿಸಿ, ಮಲ್ಲಿಗೆ ಹೂವಿನಂಥ ಚೀಲಗಳನ್ನು ಮತ್ತೆ ತೊಡಿಸಿ ಫ್ಯಾನು ಹಾಕಿದರೆ ಚಿಮಣಿಯಿಂದ ಭರ್ರೋ ಎಂದು ಬಿಳಿ ಮೋಡ! ಪಕ್ಕದ ಊರಿನವರು ಒಣಹಾಕಿದ್ದ ರಾಗಿಯ ಮೇಲೆ, ಎಮ್ಮೆಯ ಬೆನ್ನಿನ ಮೇಲೆ ಎಲ್ಲ ಹಿಟ್ಟು. ಒಬ್ಬ ಅಜ್ಜಿ ಬಿಳಿಯಾದ ಎಮ್ಮೆಯನ್ನು ಗೇಟಿಗೇ ಹೊಡೆದುಕೊಂಡು ಬಂದು, “ಇದ್ನ ಯಾರ್ ತೊಳೀತೀರಿ, ಬನ್ರಪ್ಪಾ” ಎಂದು ನಿಂತಳು. ಆ ಎಮ್ಮೆ ತೊಳೆದವನೂ ನಾನೇ.

“ಧೂಳು ಇಡಿಯೋದು ಬಟ್ಟೆ ಅಲ್ಲ ಕಣ್ಲಾ, ಧೂಳೇ,” ಎಂದರು ಮಹದೇವಪ್ಪ. ಚೀಲದ ಮೇಲೆ ಧೂಳಿನ ಒಂದು ತೆಳು ಪದರ ಕೂತರೇನೇ ಅದು ಹಿಂದೆ ಬರುವ ಧೂಳನ್ನು ತಡೆಯುವುದು. ಹೊಸ ಚೀಲಕ್ಕೆ ಕೂಡಲೇ ಪೂರ್ತಿ ಗಾಳಿ ಕೊಡಬೇಡಿ, ಮೊದಲು ಆ ಪದರ ಕೂರಲು ಬಿಡಿ. ಪುಸ್ತಕದಲ್ಲೂ ಇದು ಇದೆಯಂತೆ. ನಾನು ಕಲಿತದ್ದು ಎಮ್ಮೆ ತೊಳೆದು.

ಇನ್ನು ಆ ದಿನದ ವಿಷಯ. ನಾನು ಸೇರಿ ನಾಲ್ಕು ವರ್ಷವಾಗಿತ್ತು. ಆಯುಧಪೂಜೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಮಾವಿನ ಸೊಪ್ಪು ಬಾಳೆಕಂದು ಕಟ್ಟುತ್ತಿದ್ದೆವು. ಪೂಜೆಯಾದ ಮೇಲೆ ಒಂದೊಂದು ಯಂತ್ರವನ್ನೂ ಒಂದು ಸುತ್ತು ತಿರುಗಿಸುವುದು ಪದ್ಧತಿ. ಹಾಪರಿನ ಕವಾಟದಲ್ಲಿ ಹಸಿ ಧೂಳಿನ ಗಟ್ಟಿ ಸಿಕ್ಕಿಕೊಂಡಿತ್ತು. “ಪೂಜೆ ದಿನ ನಿಂತ ಮಿಷಿನ್ನು ವರ್ಸೆಲ್ಲಾ ನಿಲ್ತದೆ” ಎಂದು ಮಹದೇವಪ್ಪ ಅದನ್ನು ಬಿಡಿಸಲು ಹಾಪರಿನ ಬಾಗಿಲಿಂದ ಒಳಗೆ ಹೋದರು. ಅವರ ಚಪ್ಪಲಿಗಳನ್ನು ನಾನೇ ಸ್ಟಾರ್ಟರಿಗೆ ನೇತುಹಾಕಿದೆ. “ನಾನಿಲ್ಲೇ ಇವ್ನಿ ಅಣ್ಣ” ಎಂದೂ ಹೇಳಿದೆ.

ಸ್ಟಾರ್ಟರ್ ಇದ್ದದ್ದು ಕೋಣೆಯ ಆಚೆ ಬದಿಗೆ, ಅಲ್ಲಿಂದ ಹಾಪರ್ ಕಾಣುವುದಿಲ್ಲ. ಪೂಜೆಯ ತಟ್ಟೆ ಹಿಡಿದುಕೊಂಡು ಎಲ್ಲರೂ ಅಲ್ಲಿಗೆ ಬಂದರು. ಪುರೋಹಿತರು ಚಪ್ಪಲಿ ನೋಡಿ ಹೌಹಾರಿದರು. “ದೇವ್ರು ಅಂತ ಪೂಜೆ ಮಾಡೋ ಪೆಟ್ಟಿಗೆಗೆ ಚಪ್ಲಿನೇನಪ್ಪಾ? ಶಿವ ಶಿವಾ! ತೆಗೀರಿ!” ಮ್ಯಾನೇಜರ ಮುಖ ಕೆಂಪಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸೂಪರ್‌ವೈಸರು, “ಮಹದೇವಪ್ಪ ಆಚೆ ಬಂದಾಗಿದೆ, ನಲ್ಲಿ ಹತ್ರ ಈಗ ತಾನೆ ನೋಡಿದೆ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮಹದೇವಪ್ಪ ಉದ್ದದ ಸಲಾಕೆ ತರಲು ಆಚೆ ಬಂದಿದ್ದರು, ಬಂದು ಮತ್ತೆ ಒಳಗೆ ಹೋಗಿದ್ದರು. ಇಪ್ಪತ್ತು ಹೆಜ್ಜೆ ನಡೆದು ನಾನು ನೋಡಬಹುದಿತ್ತು. ಚಪ್ಪಲಿಯ ಒಡೆಯ ಬರಲಿ ಸ್ವಾಮಿ ಎನ್ನಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಚಪ್ಪಲಿ ತೆಗೆದು ಗೋಡೆಯ ಬದಿಗಿಟ್ಟೆ. ಪೆಟ್ಟಿಗೆ ಒರೆಸಿ ವಿಭೂತಿ, ಕುಂಕುಮ ಹಚ್ಚಿದೆ. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದರು, ಎಲೆಕ್ಟ್ರಿಷಿಯನ್ ಕೈ ಮುಗಿದು ಗುಂಡಿ ಒತ್ತಿದ.

ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಅವರ ಬಲಗೈಯ ನಡುಬೆರಳು, ಉಂಗುರದ ಬೆರಳು ಹೋದವು.

ಮೈಸೂರಿನ ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತು ಅತ್ತೆ. “ಚಪ್ಲಿ ತೆಗ್ದೋನು ನಾನೇ ಅಣ್ಣ. ನಾಳೆ ವಿಚಾರಣೇಲಿ ಏಳ್ಬುಡ್ತೀನಿ.”

“ಬಾಯ್ ಮುಚ್ಕಂಡಿರು,” ಎಂದರು. ಮುಖ ಬಿಳುಚಿಕೊಂಡಿತ್ತು, ಆದರೂ ದನಿ ಗಡುಸು. “ನೀನು ಗುತ್ತಿಗೆಯವ್ನು. ಏಳಿದ ದಿನವೇ ಗೇಟಾಚೆ ಆಕ್ತಾರೆ. ನಾನು ಪರ್ಮನೆಂಟು, ನನ್ನ ಏನ್ ಮಾಡಾರು? ನಾನೇ ಚಪ್ಲಿ ನೇತಾಕೋದು ಮರ್ತೆ ಅಂತೀನಿ.”

“ತಪ್ಪಾಯ್ತದೆ ಅಣ್ಣ.”

“ಓದ ಬೆರಳು ಬಂದದಾ? ಮನೇಲಿ ಮಗ ಅದೆ, ಓಗು.”

ಹೋದೆ. ವಿಚಾರಣೆಯಲ್ಲಿ ಅವರು ಹಾಗೇ ಹೇಳಿದರು, ನಾನು ಗೋಡೆ ನೋಡುತ್ತಾ ನಿಂತೆ. ಚಪ್ಪಲಿ ಕಣ್ಣಾರೆ ಕಂಡಿದ್ದ ಮ್ಯಾನೇಜರಿಗೂ ಸೂಪರ್‌ವೈಸರಿಗೂ ಅದೇ ಅನುಕೂಲವಾಗಿತ್ತು. ರಿಜಿಸ್ಟರಿನಲ್ಲಿ ‘ಕಾರ್ಮಿಕನ ಸ್ವಂತ ಅಜಾಗರೂಕತೆ’ ಎಂದು ಬರೆದರು. ಮುಂದಿನ ವರ್ಷ ನಾನು ಕಾಯಂ ಆದೆ, ಅವರ ಜಾಗಕ್ಕೇ.

ಮಹದೇವಪ್ಪನವರನ್ನು ಸ್ಟೋರಿಗೆ ಹಾಕಿದರು. ಅವರ ವೇಳೆ ಬೇರೆ, ನನ್ನ ವೇಳೆ ಬೇರೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರು ಇಲ್ಲವಾದರು. ನಿವೃತ್ತರಾಗುವವರೆಗೂ ಹದಿನೇಳು ವರ್ಷ ಸ್ಟೋರಿನ ಕಿಟಕಿಯಿಂದ ನನಗೆ ಚೀಲ ಕೊಟ್ಟರು. ಪ್ರತಿ ಚೀಲದ ಹೊಲಿಗೆಯನ್ನೂ ಹೆಬ್ಬೆರಳಿನಿಂದ ಸವರಿ ನೋಡಿಯೇ ಕೊಡುತ್ತಿದ್ದರು. ಮಗ ಹೇಗಿದ್ದಾನೆ ಎನ್ನುತ್ತಿದ್ದರು, ನಗಿಸುತ್ತಿದ್ದರು. ಆದರೆ ಕಲೆಕ್ಟರಿನ ಕಡೆಗೆ ಒಂದು ದಿನವೂ ಬರಲಿಲ್ಲ. “ಒಂದ್ಸಲ ಬನ್ನಿ ಅಣ್ಣ” ಎಂದು ಕರೆದರೆ, “ಸ್ಟೋರ್ ಬುಟ್ಟು ಎಂಗ್ಲಾ ಬರೋದು?” ಎನ್ನುತ್ತಿದ್ದರು. ನನ್ನ ಚಪ್ಪಲಿಯನ್ನು ಬೇರೆಯವರು ನೇತುಹಾಕುತ್ತಿದ್ದರು. ಒಳ್ಳೆಯವರೇ. ಆದರೆ ಆ ಕತ್ತಲ ಕೋಣೆಯೊಳಗೆ ನಿಂತು ನಾನು ಕಿವಿಗೊಡುತ್ತಿದ್ದದ್ದು ಬಾರದಿದ್ದ ಒಂದು ಮಾತಿಗೆ. ಮನುಷ್ಯ ಎದುರಿಗೇ ಇರುವಾಗಲೂ ಅವನಿಗಾಗಿ ಹಾತೊರೆಯಬಹುದು ಎಂದು ನನಗೆ ಗೊತ್ತಾದದ್ದು ಆ ಕಿಟಕಿಯ ಮುಂದೆ.

ಆಮೇಲೆ ಬೀಗಗಳು ಬಂದವು. ಒಳಗೆ ಹೋಗುವ ಪ್ರತಿಯೊಬ್ಬನಿಗೂ ಒಂದು ಬೀಗ, ಕೀಲಿ ಅವನ ಜೇಬಿನಲ್ಲೇ. ಹುಡುಗರೇ, ಬೀಗವೇ ಸರಿ. ಚಪ್ಪಲಿಯ ಕಾಲವೇ ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಪುರೋಹಿತರಿರಲಿ, ಮ್ಯಾನೇಜರಿರಲಿ, ಯಾರು ಹೇಳಿದರೂ ಬೀಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ನನ್ನ ಕೈ ಬಿಚ್ಚಿತ್ತು.

ಬೀಗದ ಜೊತೆಗೆ ತರಬೇತಿಯೂ ಬಂತು. ಹೊಸಬರಿಗೆ ಪರದೆಯ ಮೇಲೆ ಮೊದಲು ತೋರಿಸುತ್ತಿದ್ದದ್ದೇ ಮಹದೇವಪ್ಪನವರ ಕೈ. ಎಚ್ಚರಿಕೆಯ ಗುರುತು ಹಾಕಲು ಮರೆತ ಕಾರ್ಮಿಕ ಎಂದು ಕೆಳಗೆ ಬರೆದಿತ್ತು. ಅನುಭವಸ್ಥ ಎಂದು ಆ ಪಾಠವನ್ನು ನನ್ನಿಂದಲೇ ಹೇಳಿಸುತ್ತಿದ್ದರು. ನಾನು ಹೇಳುತ್ತಿದ್ದೆ! ಆಗ ನಾನು ಕಾಯಂ ನೌಕರ, ಯಾರ ಭಯವೂ ಇರಲಿಲ್ಲ. ಆದರೂ ಬರೆದಿದ್ದನ್ನು ಗಿಣಿಯ ಹಾಗೆ ಒಪ್ಪಿಸಿ, ಆಚೆ ಬಂದು ಮುಖ ತೊಳೆದುಕೊಳ್ಳುತ್ತಿದ್ದೆ. ಒಂದು ಸಲ ಒಬ್ಬ ಹೊಸಬ, “ಎಂಥಾ ದಡ್ಡ ಸಾ ಅವ್ನು” ಎಂದ. ಆ ಮಾತು ನನ್ನ ಎದೆಗೆ ನಾಟಿತು.

ನಿವೃತ್ತಿಯ ದಿನ ಶಾಲು ಹೊದಿಸಿ, ಪೇಟ ಇಟ್ಟರು. ಮುಗಿದ ಮೇಲೆ ಸುರಕ್ಷತೆಯ ಅಧಿಕಾರಿಣಿ ರಂಜಿತಾ ಮೇಡಂ ಅವರನ್ನು ಕೇಳಿಕೊಂಡು, ಪೇಟವನ್ನು ಕಂಕುಳಲ್ಲಿಟ್ಟುಕೊಂಡೇ ಕೊನೆಯ ಪಾಠಕ್ಕೆ ಹೋದೆ. ಅದೇ ಕೈ ಪರದೆಯ ಮೇಲಿತ್ತು. “ಇವರು ಮರೆಯಲಿಲ್ಲ. ಗುರುತು ಹಾಕಿತ್ತು. ತೆಗೆದವನು ನಾನು,” ಎಂದೆ. ಎಲ್ಲವನ್ನೂ ಹೇಳಿದೆ. ಮೇಡಂ, “ಸರ್, ಹಳೇ ರಿಜಿಸ್ಟರ್ ತಿದ್ದೋಕೆ ನನಗೆ ಅಧಿಕಾರ ಇಲ್ಲ. ಪಾಠ ತಿದ್ದಬಹುದು. ನೀವು ಬರೆದುಕೊಡಿ,” ಎಂದರು. ಈ ಬರಹ ಹುಟ್ಟಿದ್ದು ಹಾಗೆ. ತಿದ್ದಿದ ಪಾಠದ ಒಂದು ಪ್ರತಿಯನ್ನು ನನಗೂ ಕೊಟ್ಟರು.

ಆ ಹಾಳೆ ತೆಗೆದುಕೊಂಡು ಮೊನ್ನೆ ಮಹದೇವಪ್ಪನವರ ಊರಿಗೆ ಹೋದೆ. ಗದ್ದೆಯಲ್ಲಿದ್ದಾರೆ ಎಂದರು. ನಾಲೆಯ ಪಕ್ಕದ ಪಂಪಿನ ಮನೆಯ ನೆರಳಲ್ಲಿ ಕೂತಿದ್ದರು. ಎಪ್ಪತ್ತು ದಾಟಿದೆ, ಹಣೆಯ ವಿಭೂತಿ ಹಾಗೇ ಇದೆ. ಹಾಳೆಯನ್ನು ದೂರ ಹಿಡಿದು ನಿಧಾನವಾಗಿ ಓದಿದರು. ಓದಿ ಮುಖ ಗಂಟಿಕ್ಕಿದರು.

“ಯಾರ್ಲಾ ಇದ್ನ ಮಾಡು ಅಂದೋರು ನಿಂಗೆ? ಅಷ್ಟು ವರ್ಸ ಜ್ವಾಪಾನ್ವಾಗಿ ಮಡಗಿದ್ನಲ್ಲೋ!”

“ನಿಮ್ ಎಸ್ರು ಕೆಟ್ಟಿತ್ತಲ್ಲ ಅಣ್ಣ.”

“ಎರಡು ಬೆರಳಿಗೆ ನಿನ್ ಸಂಸಾರ ನಿಂತ್ಕತ್ತು. ಎಸ್ರು ಯಾವ ಲೆಕ್ಕ?” ಎಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಬಿಸಾಡಲಿಲ್ಲ, ಅದನ್ನು ನಾನು ಗಮನಿಸಿದೆ.

ಕೇಳದೆ ಉಳಿದಿದ್ದ ಮಾತು ಆಗ ಬಾಯಿಗೆ ಬಂತು. “ಅಂಗಾದ್ರೆ ಅದಿನೇಳು ವರ್ಸ ನೀವ್ಯಾಕಣ್ಣ ಒಂದ್ಸಲನೂ ಅತ್ಲಾಗೆ ಬರ್ನಿಲ್ಲ?”

ಅವರು ನಾಲೆಯ ಕಡೆ ನೋಡುತ್ತಾ ಇದ್ದರು. “ಬಂದು ಈ ಕೈಲಿ ನಿನ್ ಚಪ್ಲಿ ನೇತಾಕಿದ್ರೆ ನೀನು ವಳಿಕೆ ಓಗ್ತಿದ್ದಾ? ಇದ್ನೇ ನೋಡ್ತಾ ನಿಂತ್ಕತ್ತಿದ್ದೆ. ಕೆಲ್ಸ ಕೆಡ್ತಿತ್ತು,” ಎಂದರು.

ಅಷ್ಟು ಹೇಳಿ ಎದ್ದರು. “ಬಂದಿದ್ದೀಯ, ಸುಮ್ನೆ ಯಾಕೆ ಕೂತಿದ್ದೀಯಾ? ನೀರು ಏಳ್ತಾ ಇಲ್ಲ. ಕೆಳಗಿನ ಜಾಲರಿಗೆ ಪಾಚಿ ಕಟ್ಕಂಡದೆ. ನಿಂದೂ ಅದೇ ಕಸುಬಲ್ವಾ, ಇಳಿದು ನೋಡು.”

ನಾಲೆಯ ಪಕ್ಕ ಎದೆಯೆತ್ತರ ನೀರಿನ ಒಂದು ಗುಂಡಿ, ಅದರೊಳಗೆ ಪಂಪಿನ ಪೈಪು. ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು ಇಳಿದೆ. ಜಾಲರಿಯ ಪಾಚಿ ಕೀಳುತ್ತಿದ್ದಾಗ ಆಚೆ ಗದ್ದೆಯಿಂದ ಯಾರೋ, “ಕರೆಂಟ್ ಬಂತು ಕಣ್ರೋ!” ಎಂದು ಕೂಗಿದರು. ನಮ್ಮ ಕಡೆ ಪಂಪುಗಳಿಗೆಲ್ಲ ಆಟೋ ಸ್ಟಾರ್ಟರ್, ಕರೆಂಟ್ ಬಂದ ಕೂಡಲೇ ತಾವಾಗಿ ಓಡುತ್ತವೆ. ಬೆಚ್ಚಿ ತಲೆ ಎತ್ತಿದೆ.

ಪಂಪು ಓಡಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಹಿಡಿ ಕೆಳಗಿಳಿದಿತ್ತು. ಅದಕ್ಕೆ ತಂತಿಯಲ್ಲಿ ಪೋಣಿಸಿದ ನನ್ನ ಚಪ್ಪಲಿಗಳು ನೇತಾಡುತ್ತಿದ್ದವು. ಮೂರು ಬೆರಳಿನ ಆ ಕೈ ತಂತಿಯ ತುದಿಯನ್ನು ಇನ್ನೂ ತಿರುಚುತ್ತಿತ್ತು.

ನಾನು ನೀರಿನಲ್ಲಿ ಮುಖ ಬಗ್ಗಿಸಿಕೊಂಡು ನಿಂತೆ. ಜಾಲರಿ ಶುಚಿಯಾಗಿ ಎಷ್ಟೋ ಹೊತ್ತಾದ ಮೇಲೆ ಮೇಲಿನಿಂದ, “ಆಯ್ತೇನ್ಲಾ?” ಎಂದು ಕೇಳಿದರು.

“ಇನ್ನೂ ಇಲ್ಲ ಅಣ್ಣ, ವಸಿ ತಡೀರಿ,” ಎಂದೆ.

“ನಿಧಾನ್ಕೆ ಮಾಡ್ಲಾ. ನಾನಿಲ್ಲೇ ಇವ್ನಿ.”